ಗೋಡೆ ಏರಿದ ಕೌದಿ

ಆಲೂರು ತಾಲ್ಲೂಕಿನ ಕುಂದೂರು ಹೋಬಳಿಯಿಂದ ಪಡುವಣಕ್ಕೆ, ಸಕಲೇಶಪುರದ ಕಡೆಗೆ ಹೋದಂತೆಲ್ಲ ಮಳೆ ಹೆಚ್ಚುತ್ತದೆ. ಪ್ಲಾಸ್ಟಿಕ್ ಹಾಳೆ ಬರುವ ಮುನ್ನ ಇಲ್ಲಿನ ಗದ್ದೆಯಲ್ಲಿ ನಾಟಿಗೆ ಇಳಿದವರನ್ನೂ ಕಾಫಿ ತೋಟದ ಆಳುಗಳನ್ನೂ ಕಾಯುತ್ತಿದ್ದುದು ಎಲೆಯ ಗೊರಬು, ಇಲ್ಲವೇ ಕರಿ ಕಂಬಳಿಯ ಕೊಪ್ಪೆ. ಹಗಲು ತಲೆಯ ಮೇಲಿದ್ದ ಕಂಬಳಿ ರಾತ್ರಿ ಒಲೆಯ ಪಕ್ಕ ಒಣಗಿ ಹೊದಿಕೆಯಾಗುತ್ತಿತ್ತು. ಹಳತಾದರೆ ಹಾಸು, ಇನ್ನೂ ಹಳತಾದರೆ ಬಾಗಿಲ ಮುಂದಿನ ಕಾಲೊರಸು. ಅದರ ಜೊತೆಗೇ ಮನೆಯಲ್ಲಿ ಇನ್ನೊಂದು ವಸ್ತುವಿರುತ್ತಿತ್ತು. ಅದು ಹರಿದ ಸೀರೆ, ಪಂಚೆ, ಅಂಗಿಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ಕೌದಿ.

ಇವೆರಡನ್ನೂ ಗೋಡೆಗೆ ತೂಗುಹಾಕಿ, ಕೆಳಗೊಂದು ಚೀಟಿ ಅಂಟಿಸಿ, ‘ದಯವಿಟ್ಟು ಮುಟ್ಟಬೇಡಿ’ ಎಂದು ಬರೆದಿಟ್ಟರೆ ಹಳ್ಳಿಯ ಅಜ್ಜಿ ನಕ್ಕಾಳು. ಆದರೆ ಜಗತ್ತಿನ ಕಲಾ ಗ್ಯಾಲರಿಗಳಲ್ಲಿ ಕಳೆದ ಆರು ದಶಕಗಳಿಂದ ನಡೆಯುತ್ತಿರುವುದು ಇದೇ. ನೂಲು, ಹಗ್ಗ, ಉಣ್ಣೆ, ಚಿಂದಿಬಟ್ಟೆಗಳಿಂದ ಮಾಡಿದ ಕೃತಿಗಳ ಸಾಮೂಹಿಕ ಪ್ರದರ್ಶನಗಳು ಈಗ ಸಾಮಾನ್ಯ. ಇಂಥ ಕೃತಿಗಳಿಗೆ ‘ಫೈಬರ್ ಆರ್ಟ್’ ಎಂಬ ಹೆಸರು ಬಿದ್ದಿದೆ. ಕನ್ನಡದಲ್ಲಿ ನೂಲುಕಲೆ ಎನ್ನಬಹುದು. ಆದರೆ ನಾರು, ಹುರಿ, ಕೂದಲುಗಳೂ ಅದರೊಳಗೆ ಬರುವುದರಿಂದ ಆ ಹೆಸರು ಸ್ವಲ್ಪ ಬಿಗಿಯಾಗುತ್ತದೆ.

ಈ ಕಥೆ ಶುರುವಾಗುವುದು 1962ರಲ್ಲಿ, ಸ್ವಿಟ್ಜರ್ಲೆಂಡಿನ ಲೂಸಾನ್ ನಗರದಲ್ಲಿ. ಚಿತ್ರಪಟದ ನೇಯ್ಗೆಗೆ ಮೀಸಲಾದ ಅಂತರರಾಷ್ಟ್ರೀಯ ದ್ವೈವಾರ್ಷಿಕ ಪ್ರದರ್ಶನ ಅಲ್ಲಿ ಮೊದಲ ಸಲ ನಡೆಯಿತು. ಅದರ ಹಿಂದಿದ್ದವರು ಫ್ರಾನ್ಸಿನ ಕಲಾವಿದ ಜಾನ್ ಲೂರ್ಸಾ. ಯುರೋಪಿನಲ್ಲಿ ಅಲ್ಲಿಯವರೆಗಿನ ಪದ್ಧತಿಯೆಂದರೆ, ಚಿತ್ರಕಾರ ಕಾಗದದ ಮೇಲೆ ಬರೆದುಕೊಟ್ಟದ್ದನ್ನು ನೇಕಾರ ಮಗ್ಗದಲ್ಲಿ ನಕಲು ಮಾಡುವುದು. ಹೆಸರು ಚಿತ್ರಕಾರನದು, ಬೆನ್ನುನೋವು ನೇಕಾರನದು. ಪೋಲೆಂಡಿನಿಂದ ಬಂದಿದ್ದ ಮಗ್ದಲೇನಾ ಅಬಕಾನೊವಿಚ್ (1930–2017) ಈ ಪದ್ಧತಿಗೆ ಒಗ್ಗಲಿಲ್ಲ. ತಾವೇ ಮಗ್ಗದ ಮುಂದೆ ಕುಳಿತು ನೇಯ್ದರು. ವಿಸ್ತುಲಾ ನದಿಯ ದಡದಲ್ಲಿ ಬಿದ್ದಿದ್ದ ಹಳೆಯ ಹಡಗಿನ ಹಗ್ಗಗಳನ್ನು ತಂದು, ಬಿಚ್ಚಿ, ತೊಳೆದು, ಬಣ್ಣ ಹಾಕಿ ಬಳಸಿದರು. ಕೆಲವೇ ವರ್ಷಗಳಲ್ಲಿ ಅವರ ನೇಯ್ಗೆ ಗೋಡೆಯನ್ನೇ ಬಿಟ್ಟು, ಸೂರಿನಿಂದ ಇಳಿಬಿದ್ದು, ಒಳಗೆ ಮನುಷ್ಯ ನಿಲ್ಲಬಹುದಾದಷ್ಟು ದೊಡ್ಡ ಆಕಾರಗಳಾಯಿತು.

1969ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯ ಇಂಥ ಕೃತಿಗಳದೇ ಒಂದು ಪ್ರದರ್ಶನ ಏರ್ಪಡಿಸಿತು. ಅದನ್ನು ವಿಮರ್ಶಿಸಿದವರು ಶಿಲ್ಪಿ ಲೂಯಿಸ್ ಬೂರ್ಜ್ವಾ. ಈ ಕೃತಿಗಳು ಅಲಂಕಾರದ ಹಂಗಿನಿಂದ ಪೂರ್ತಿ ಬಿಡಿಸಿಕೊಂಡಿಲ್ಲ ಎಂಬುದು ಅವರ ಆಕ್ಷೇಪ. ವಿಚಿತ್ರವೆಂದರೆ ಬೂರ್ಜ್ವಾ ಹುಟ್ಟಿದ್ದೇ ಹಳೆಯ ಚಿತ್ರಪಟಗಳನ್ನು ದುರಸ್ತಿ ಮಾಡುವ ಮನೆತನದಲ್ಲಿ. ಹುಡುಗಿಯಾಗಿದ್ದಾಗ, ಸವೆದುಹೋದ ಪಟಗಳಲ್ಲಿ ಕಾಣೆಯಾದ ಪಾದಗಳನ್ನು ಬರೆದುಕೊಡುವುದು ಅವರ ಕೆಲಸವಾಗಿತ್ತು. ಮುಪ್ಪಿನಲ್ಲಿ ಅವರೂ ತಮ್ಮ ಹಳೆಯ ಬಟ್ಟೆಗಳನ್ನೇ ಕತ್ತರಿಸಿ, ಹೊಲಿದು ಶಿಲ್ಪ ಮಾಡಿದರು.

ಭಾರತದ ಬಟ್ಟೆ ಇದೇ ಸಂಗ್ರಹಾಲಯದ ಮೆಟ್ಟಿಲನ್ನು ಅದಕ್ಕೂ ಮುಂಚೆಯೇ ಹತ್ತಿತ್ತು. 1955ರ ವಸಂತದಲ್ಲಿ ಭಾರತದ ಜವಳಿ ಮತ್ತು ಅಲಂಕಾರ ಕಲೆಗಳ ದೊಡ್ಡ ಪ್ರದರ್ಶನ ಅಲ್ಲಿ ನಡೆಯಿತು. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ ಮೊದಲ ಬಾರಿಗೆ ತೆರೆ ಕಂಡದ್ದೂ ಆ ಮೇ ತಿಂಗಳಲ್ಲಿ, ಅದೇ ಕಟ್ಟಡದಲ್ಲಿ. ಚಿತ್ರದ ಜೊತೆ ರಾಯ್ ಅವರ ಹೆಸರಿತ್ತು. ಸೀರೆ, ಶಾಲುಗಳ ಜೊತೆ ಇದ್ದುದು ಊರಿನ ಹೆಸರು, ಶತಮಾನದ ಹೆಸರು.

ದೇಶದೊಳಗೆ ಆ ಹೊತ್ತಿಗೆ ಕೈಕಸುಬುಗಳಿಗೆ ನೆಲೆ ಒದಗಿಸುವ ಕೆಲಸಕ್ಕೆ ನಿಂತಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ನೇತೃತ್ವ ಅವರದಾಗಿತ್ತು. ಕೈಮಗ್ಗದ ಕಡೆ ಪುಪುಲ್ ಜಯಕರ್ ಅವರ ಮುತುವರ್ಜಿಯಿಂದ ನೇಕಾರರ ಸೇವಾ ಕೇಂದ್ರಗಳು ಶುರುವಾಗಿ, ಚಿತ್ರಕಾರರೂ ನೇಕಾರರೂ ಒಂದೇ ಸೂರಿನಡಿ ಕೆಲಸ ಮಾಡುವಂತಾಯಿತು. ಹೀಗೆ ಕೈಮಗ್ಗದ ಸಹವಾಸ ಮಾಡಿದ ಚಿತ್ರಕಾರರಲ್ಲಿ ಕೆ.ಜಿ. ಸುಬ್ರಹ್ಮಣ್ಯನ್ ಒಬ್ಬರು. ಬರೋಡಾದಲ್ಲಿ ಅವರ ಬಳಿ ಕಲಿತ ಮೃಣಾಲಿನಿ ಮುಖರ್ಜಿ (1949–2015) ಸೆಣಬಿನ ಹುರಿಗೆ ಬಣ್ಣ ಹಾಕಿ, ಗಂಟಿನ ಮೇಲೆ ಗಂಟು ಹಾಕುತ್ತ ಆಳೆತ್ತರದ ಯಕ್ಷಿಯರನ್ನೂ ವನದೇವತೆಗಳನ್ನೂ ಕಟ್ಟಿದರು. ಅವರಿಗೆ ಮಗ್ಗವೂ ಬೇಕಿರಲಿಲ್ಲ, ಸೂಜಿಯೂ ಬೇಕಿರಲಿಲ್ಲ. ಬೆರಳುಗಳೇ ಸಾಕಾಗಿದ್ದವು. ಇಂದು ನೂಲಿನ ಶಿಲ್ಪ ಎಂದೊಡನೆ ಜಗತ್ತು ನೆನೆಯುವ ಹೆಸರುಗಳಲ್ಲಿ ಅವರದೂ ಒಂದು.

ಆದರೆ ಮುಖರ್ಜಿಯವರದು ಕಲಾಶಾಲೆಯ ಹಾದಿ. ಶಾಲೆಯ ಮುಖ ಕಾಣದ ಸೂಜಿ ಗ್ಯಾಲರಿ ತಲುಪಿದ ಬಗೆ ನೋಡಬೇಕಾದರೆ ಉತ್ತರ ಕನ್ನಡದ ಕಾಡಿಗೆ ಹೋಗಬೇಕು.

ಸಿದ್ದಿಯರ ಸೂಜಿ

ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ ಹರಡಿಕೊಂಡಿರುವ ಸಿದ್ದಿಯರ ಪೂರ್ವಿಕರು ಆಫ್ರಿಕದವರು. ಹದಿನಾರನೆಯ ಶತಮಾನದಿಂದೀಚೆಗೆ ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ.

ಇವರ ಹೆಂಗಸರು ಹೊಲಿಯುವ ಕೌದಿಗೆ ‘ಕವಂದಿ’ ಎಂದು ಹೆಸರು. ತಳಕ್ಕೆ ಒಂದು ಹಳೆಯ ಸೀರೆ. ಅದರ ಒಂದು ಮೂಲೆಯಿಂದ ಹೊಲಿಗೆ ಆರಂಭ. ಚಿಂದಿಯ ಅಂಚು ಮಡಿಸಿ ಇಡುತ್ತ, ಎಲ್ಲ ಪದರಗಳನ್ನೂ ಹಿಡಿಯುವಂತೆ ಓಟದ ಹೊಲಿಗೆ ಹಾಕುತ್ತ ನಾಲ್ಕೂ ಅಂಚು ಸುತ್ತಿ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಮೊದಲೇ ಬರೆದಿಟ್ಟುಕೊಂಡ ನಕ್ಷೆ ಇಲ್ಲ. ಕೈಗೆ ಸಿಕ್ಕ ಬಟ್ಟೆಯ ಬಣ್ಣ, ಕಣ್ಣಿಗೆ ಹಿತವಾದ ಜಾಗ, ಇವೇ ನಕ್ಷೆ. ದೊಡ್ಡ ತುಂಡುಗಳ ಮೇಲೆ ಅಲ್ಲಲ್ಲಿ ಗಾಢ ಬಣ್ಣದ ಚಿಕ್ಕ ಚಿಕ್ಕ ತುಣುಕು ಕೂರಿಸುತ್ತಾರೆ. ಕ್ರೈಸ್ತರ ಮನೆಯ ಕೌದಿಯಲ್ಲಿ ಶಿಲುಬೆ, ಮುಸಲ್ಮಾನರದರಲ್ಲಿ ಅರ್ಧಚಂದ್ರ ಕಾಣುವುದುಂಟು. ಕೊನೆಗೆ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿ ಹೊಲಿದ ‘ಫೂಲ’. ಅಂದರೆ ಹೂವು. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಪೂರ್ಣವಾದ ಕೌದಿಯಲ್ಲ. ಹೂವು ಚಳಿ ತಡೆಯುವುದಿಲ್ಲ, ಕೌದಿಯ ಬಾಳಿಕೆಯನ್ನೂ ಹೆಚ್ಚಿಸುವುದಿಲ್ಲ. ಅದು ಇರುವುದು ಚೆಂದಕ್ಕಾಗಿ. ಉಪಯೋಗದ ವಸ್ತುವಿನಲ್ಲಿ ಕಲೆ ಎಲ್ಲಿಂದ ಶುರುವಾಗುತ್ತದೆ ಎಂದು ತಲೆ ಕೆಡಿಸಿಕೊಂಡವರು ಈ ಮೂಲೆಗಳನ್ನೊಮ್ಮೆ ನೋಡಬೇಕು.

2004ರ ಸುಮಾರಿಗೆ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಸಿದ್ದಿಯರ ನಡುವೆ ಅಧ್ಯಯನ ಆರಂಭಿಸಿದರು. ಆಫ್ರಿಕದ ಕಲೆ ಅವರ ವಿಷಯ. ಹೊಲಿದವರು ಯಾರು ಎಂಬುದನ್ನು ಹೆಸರು ಸಹಿತ ಬರೆದುಕೊಂಡರು. ಕೌದಿ ಹೊಲಿಯುವ ಸಿದ್ದಿ ಮಹಿಳೆಯರದೇ ಒಂದು ಸಹಕಾರಿ ಗುಂಪೂ ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು. ಕಪ್ಪು ಜನರ ಚರಿತ್ರೆ, ಸಂಸ್ಕೃತಿಗಳ ಅಧ್ಯಯನಕ್ಕೆಂದೇ ಇರುವ ಆ ಕೇಂದ್ರದ ಗೋಡೆಗೆ ಯಲ್ಲಾಪುರದ ಕಡೆಯ ಹಳೇ ಸೀರೆ ಏರಿತು. ಮಗುವನ್ನು ಮಲಗಿಸಲು ಹೊಲಿದ ಚಿಕ್ಕ ಕೌದಿ ಅಲ್ಲಿನ ನೋಡುಗರಿಗೆ ಆಧುನಿಕ ಚಿತ್ರದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ನಮ್ಮ ರಾಜ್ಯದೊಳಗೇ ನಡೆದ ಇನ್ನೊಂದು ಪ್ರದರ್ಶನ ಬೇರೆ ಬಗೆಯದು. 2023ರ ಜುಲೈನಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಕುರಿತ ಸಭೆ ಹಂಪಿಯಲ್ಲಿ ಸೇರಿತ್ತು. ಆ ಸಂದರ್ಭದಲ್ಲಿ ಎದುರು ಬಸವಣ್ಣನ ಆವರಣದಲ್ಲಿ 1,755 ಲಂಬಾಣಿ ಕಸೂತಿ ತುಂಡುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಸಂಡೂರು ಕುಶಲ ಕಲಾ ಕೇಂದ್ರದೊಂದಿಗೆ ಕೆಲಸ ಮಾಡುವ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ ಕೈಕೆಲಸ ಅದು. ಕನ್ನಡಿ, ಕವಡೆ, ಬಣ್ಣದ ನೂಲುಗಳ ಈ ಕಸೂತಿಗೆ ಭೌಗೋಳಿಕ ಸೂಚ್ಯಂಕದ ರಕ್ಷಣೆಯೂ ಇದೆ. ಸಾಮೂಹಿಕ ಪ್ರದರ್ಶನ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗಲಾರದು. ಆದರೆ ಗಿನ್ನೆಸ್ ಲೆಕ್ಕ ಇಡುವುದು ತುಂಡುಗಳ ಸಂಖ್ಯೆಯನ್ನು. ಯಾವ ತುಂಡು ಯಾರ ಕೈಯದು ಎಂಬುದು ಆ ಲೆಕ್ಕದ ಹೊರಗಿನ ವಿಷಯ.

ಹೆಸರಿನ ಪ್ರಶ್ನೆ

ಹಾಸನ ಜಿಲ್ಲೆಯವರಿಗೆ ಈ ವಿಷಯ ಬೇಗ ಅರ್ಥವಾದೀತು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಶಿಲ್ಪಿಗಳ ಹೆಸರು ಕಲ್ಲಿನ ಮೇಲೇ ಇದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಮದನಿಕೆಯರ ಕೆಳಗೆ ಬಿರುದು ಸಹಿತ ಹೆಸರು ಕೆತ್ತಿಕೊಂಡಿದ್ದಾರೆ. ಮುಂದಿನ ಶತಮಾನದ ಮಲ್ಲಿತಮ್ಮನ ರುಜು ನುಗ್ಗೇಹಳ್ಳಿಯಲ್ಲೂ ಇದೆ, ದೂರದ ಸೋಮನಾಥಪುರದಲ್ಲೂ ಇದೆ. ಉಳಿ ಹಿಡಿದ ಕೈ ಎಂಟುನೂರು ಒಂಬೈನೂರು ವರ್ಷಗಳ ಹಿಂದೆಯೇ ರುಜು ಹಾಕಿತು. ಅದೇ ಕಾಲದಲ್ಲಿ ಅದೇ ಊರುಗಳಲ್ಲಿ ನೂತವರು, ನೇಯ್ದವರು, ಹೊಲಿದವರು ಇದ್ದೇ ಇದ್ದರು. ಬಟ್ಟೆಗೆ ಕಲ್ಲಿನ ಆಯುಷ್ಯವಿಲ್ಲ ಎಂಬುದು ನಿಜ. ಆದರೆ ಕಾರಣ ಅದೊಂದೇ ಇರಲಾರದು. ಮಾರಾಟಕ್ಕಲ್ಲದೆ ಮನೆಮಂದಿಗಾಗಿ ಮಾಡಿದ ಕೆಲಸಕ್ಕೆ, ಅದರಲ್ಲೂ ಹೆಂಗಸರು ಮಾಡಿದ ಕೆಲಸಕ್ಕೆ, ಹೆಸರು ಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ನೂಲುವ ಕಾಯಕದ ಕದಿರ ರೆಮ್ಮವ್ವೆಯ ಹೆಸರು ಉಳಿದುಬಂದಿದೆ. ಆದರೆ ಉಳಿಸಿದ್ದು ಅವಳ ವಚನವೇ ಹೊರತು ಅವಳು ನೂತ ನೂಲಲ್ಲ.

ಹೆಸರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆಗಳಿವೆ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯ ಹಳೆಯ ಅಮೆರಿಕನ್ ಕೌದಿಗಳನ್ನು ಚಿತ್ರಗಳಂತೆಯೇ ಗೋಡೆಗೆ ಹಾಕಿತು. ನೋಡಿದವರು ಆಧುನಿಕ ಚಿತ್ರಕಲೆಗೆ ಹೋಲಿಸಿ ಬೆರಗಾದರು. ಹೊಲಿದವರಲ್ಲಿ ಹೆಚ್ಚಿನವರು ಅನಾಮಧೇಯರಾಗಿಯೇ ಉಳಿದರು. ಮುಂದೆ 2002ರಲ್ಲಿ ಅಲಬಾಮದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರ ಕೌದಿಗಳು ಹ್ಯೂಸ್ಟನ್‌ನಲ್ಲಿ, ಬಳಿಕ ಅದೇ ವಿಟ್ನಿಯಲ್ಲಿ ಪ್ರದರ್ಶನಗೊಂಡವು. ಇವರು ಹತ್ತಿಯ ತೋಟದಲ್ಲಿ ದುಡಿದ ಗುಲಾಮರ ಸಂತತಿ. ಈ ಸಲ ಹೆಸರುಗಳಿದ್ದವು. 2006ರಲ್ಲಿ ಅವರ ಕೌದಿಗಳ ಅಂಚೆಚೀಟಿಯೂ ಬಂತು. ಮರುವರ್ಷವೇ ಅವರಲ್ಲಿ ಕೆಲವರು ನ್ಯಾಯಾಲಯಕ್ಕೆ ಹೋದರು. ತಮ್ಮ ವಿನ್ಯಾಸಗಳಿಂದ ಬಂದ ಹಣದಲ್ಲಿ ತಮಗೆ ನ್ಯಾಯವಾದ ಪಾಲು ಸಿಕ್ಕಿಲ್ಲ ಎಂಬುದು ಅವರ ದೂರು. 2008ರಲ್ಲಿ ರಾಜಿಯಾಯಿತು. ಚೀಟಿಯ ಮೇಲೆ ಹೆಸರು ಬಂದ ಮಾತ್ರಕ್ಕೆ ಹಣದ ಲೆಕ್ಕ ನೇರವಾಗುವುದಿಲ್ಲ. ಆದರೆ ಹೆಸರಿದ್ದುದರಿಂದಲೇ ಅವರು ಕೇಳಲು ಸಾಧ್ಯವಾಯಿತು ಎಂಬುದನ್ನೂ ಮರೆಯುವಂತಿಲ್ಲ.

ಗೋಡೆಗೆ ಹಾಕುವುದೂ ಕೆಲಸವೇ

ಬಟ್ಟೆಯನ್ನು ಪ್ರದರ್ಶನಕ್ಕಿಡುವುದು ಚೌಕಟ್ಟು ಹಾಕಿದ ಚಿತ್ರ ತೂಗಿದಷ್ಟು ಸುಲಭವಲ್ಲ. ಎರಡು ಮೊಳೆಗೆ ಸಿಕ್ಕಿಸಿದರೆ ಕೌದಿಯ ಭಾರವೆಲ್ಲ ಎರಡು ಮೂಲೆಗಳ ಮೇಲೆ ಬಿದ್ದು ಹಳೆಯ ಬಟ್ಟೆ ಹರಿಯುತ್ತದೆ. ಹಿಂಬದಿಯಲ್ಲಿ ಮೇಲಂಚಿನುದ್ದಕ್ಕೂ ಬಟ್ಟೆಯ ಕೊಳವೆ ಹೊಲಿದು, ಅದರೊಳಗೆ ಕೋಲು ತೂರಿಸಿ ತೂಗಬೇಕು. ಬೆಳಕು ಬಣ್ಣ ತಿನ್ನುತ್ತದೆ. ಸಂಗ್ರಹಾಲಯಗಳು ಬಟ್ಟೆಯ ಮೇಲೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುವುದು, ಅಂಥ ಕೋಣೆಗಳು ಮಬ್ಬಾಗಿರುವುದು ಇದಕ್ಕೇ. ಮಲೆನಾಡಿನಲ್ಲಾದರೆ ಬೂಷ್ಟು ಬೇರೆ. ಆಷಾಢದಲ್ಲಿ ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಯನ್ನೇ ಬಿಡದ ತೇವ ಗ್ಯಾಲರಿಯ ಗೋಡೆಯನ್ನು ಬಿಟ್ಟೀತೆ? ಉಣ್ಣೆಗೆ ನುಸಿಯ ಕಾಟ. ಇಷ್ಟರ ಮೇಲೆ ನೋಡಲು ಬಂದವರ ಕೈ ಸುಮ್ಮನಿರುವುದಿಲ್ಲ. ಚಿತ್ರವನ್ನು ಮುಟ್ಟಬಾರದೆಂದು ಎಲ್ಲರಿಗೂ ಗೊತ್ತು. ಕೌದಿ ಕಂಡರೆ ಮಾತ್ರ ಕೈ ತಾನಾಗಿ ಚಾಚುತ್ತದೆ.

ಕರಿ ಕಂಬಳಿಗೆ ಇನ್ನೂ ಇಂಥ ಯೋಗ ಅಷ್ಟಾಗಿ ಕೂಡಿಬಂದಿಲ್ಲ. ಹೆಂಗಸರು ದಕ್ಖನಿ ಕುರಿಯ ಉಣ್ಣೆ ನೂತು, ಗಂಡಸರು ಗುಂಡಿ ಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಹಾಕಿ ಬಿಗಿಗೊಳಿಸುವ ಕೆಲಸ ಚಳ್ಳಕೆರೆಯಂಥ ಕಡೆಗಳಲ್ಲಿ ಹಿಂದಿನಿಂದ ನಡೆದುಬಂದಿದೆ. ಕುರುಬರ ದೇವರ ಕಾರ್ಯಗಳಲ್ಲಿ ಕಂಬಳಿ ಹಾಸಿಯೇ ಗದ್ದುಗೆ. ಆ ಕಂಬಳಿಗೆ ಬಣ್ಣವಿಲ್ಲ, ಚಿತ್ತಾರವಿಲ್ಲ. ಗೋಡೆಗೆ ಹಾಕಿದರೆ ದೂರದಿಂದ ಬರೀ ಕಪ್ಪು. ಹತ್ತಿರ ಹೋದರೆ ಕುರಿಯ ಮೈಬಣ್ಣದ ಹತ್ತಾರು ಛಾಯೆಗಳು ಕಾಣುತ್ತವೆ. ಅಬಕಾನೊವಿಚ್ ಅವರ ಹಗ್ಗವನ್ನು ಮೆಚ್ಚಿದ ಕಣ್ಣಿಗೆ ಇದೇನೂ ಕಷ್ಟದ ನೋಟವಲ್ಲ. ಮುಂದೆ ಯಾವುದಾದರೂ ಊರಿನ ಗ್ಯಾಲರಿ ಕಂಬಳಿ, ಕೌದಿಗಳನ್ನು ಒಟ್ಟಿಗೆ ತೂಗಿದರೆ ಕೆಳಗಿನ ಚೀಟಿಯಲ್ಲಿ ನೂತವಳ ಹೆಸರು, ನೇಯ್ದವನ ಹೆಸರು ಎರಡೂ ಬರಬೇಕಾಗುತ್ತದೆ. ಸಿದ್ದಿಯರ ಕೌದಿಗಾದರೆ ಚೀಟಿಯನ್ನು ಗೋಡೆಗೆ ಅಂಟಿಸಬೇಕೆಂದೂ ಇಲ್ಲ. ಹೆಸರು ಹೊಲಿಯಲು ಹಿಂಬದಿಯಲ್ಲಿ ಒಂದು ಸೀರೆಯಷ್ಟು ಜಾಗವಿದೆ.