‘ತಮ್ಮ ಕೃಪೆ ಬರಲಿ!’

ಸ್ಪ್ಯಾನಿಷ್‌ನಲ್ಲಿ ಗೆಳೆಯನಿಗೆ ‘ವೆನ್’ (ಬಾ) ಅಂದರೆ ಸಾಕು. ದೊಡ್ಡವರಿಗಾದರೆ ‘ವೆಂಗಾ ಉಸ್ತೆದ್’. ‘ವೆಂಗಾ’ ಅಂದರೆ ‘ಬರಲಿ’. ವ್ಯಾಕರಣದವರು ಸಬ್‌ಜಂಕ್ಟಿವ್ ಅಂತಾರಲ್ಲ, ಅದು. ಎದುರಿಗೇ ನಿಂತವರಿಗೆ ‘ಬರಲಿ’ ಯಾಕೆ? ‘ಉಸ್ತೆದ್’ ಹುಟ್ಟಿದ್ದು ‘ವುಎಸ್ತ್ರಾ ಮೆರ್ಸೆದ್’ನಿಂದ, ಅಂದರೆ ‘ತಮ್ಮ ಕೃಪೆ’. ಗಣ್ಯರಿಗೆ ನೇರವಾಗಿ ಅಪ್ಪಣೆ ಕೊಡೋದುಂಟೇ? ಅವರ ಕೃಪೆ ಬರಲಿ ಅಂದರು. ನಮ್ಮಲ್ಲೂ ‘ಸ್ವಾಮಿಗಳು ದಯಮಾಡಿಸಲಿ’ ಅನ್ನುತ್ತೇವಲ್ಲ, ಹಾಗೆ.

ಬಿರುದುಗಳ ಹುಚ್ಚು ಎಷ್ಟು ಬೆಳೆಯಿತೆಂದರೆ, 1586ರಲ್ಲಿ ದೊರೆ ಎರಡನೇ ಫಿಲಿಪ್ ಕಾನೂನು ತಂದು, ತನಗೂ ಪತ್ರದಲ್ಲಿ ಬರೀ ‘ಸೆನ್ಯೋರ್’ ಸಾಕೆಂದ. ಜನರ ಬಾಯಲ್ಲಿ ‘ತಮ್ಮ ಕೃಪೆ’ ಮಾತ್ರ ಸವೆದು ಸವೆದು 17ನೇ ಶತಮಾನದಲ್ಲಿ ‘ಉಸ್ತೆದ್’ ಆಗಿ ಉಳಿಯಿತು.

ಇಂದು ಲ್ಯಾಟಿನ್ ಅಮೆರಿಕದಲ್ಲಿ ಅಮ್ಮ ತನ್ನ ಮಕ್ಕಳನ್ನೆಲ್ಲ ಊಟಕ್ಕೆ ಕರೆಯುವುದೂ ‘ವೆಂಗಾನ್’ ಎಂದೇ. ಗಣ್ಯರ ‘ಬರಲಿ’ ಮಣ್ಣುಗೈ ಮಕ್ಕಳಿಗೂ ದಕ್ಕಿತು. ಮರ್ಯಾದೆ ಹೀಗೂ ಹಂಚಿಕೆಯಾಗುತ್ತೆ ನೋಡಿ!