ಮೂತ್ರಕೋಶದ ಕಲ್ಲಿಗೆ ದಾರಿ

1725ರಲ್ಲಿ ಫ್ರಾನ್ಸಿನ ವಿಯೋಲ್ ವಾದಕ ಮರಾಂ ಮರೇ ಪ್ರಕಟಿಸಿದ ಸ್ವರಪುಸ್ತಕದಲ್ಲೊಂದು ವಿಚಿತ್ರ ರಚನೆಯಿದೆ. ಮೂತ್ರಕೋಶದಿಂದ ಕಲ್ಲು ತೆಗೆಯುವ ಶಸ್ತ್ರಕ್ರಿಯೆಯೇ ಅದರ ವಸ್ತು. ಸ್ವರಗಳ ಜೊತೆಜೊತೆಗೆ ಅಚ್ಚಾದ ಪುಟ್ಟ ಟಿಪ್ಪಣಿಗಳು ಕಥೆ ಹೇಳುತ್ತ ಹೋಗುತ್ತವೆ: ರೋಗಿ ಸಲಕರಣೆ ನೋಡಿ ನಡುಗುತ್ತಾನೆ, ಧೈರ್ಯ ತಂದುಕೊಂಡು ಅದರ ಮೇಲೇರುತ್ತಾನೆ, ಹಗ್ಗದಿಂದ ಕಟ್ಟಿಸಿಕೊಳ್ಳುತ್ತಾನೆ, ಕತ್ತಿ ಇಳಿಯುತ್ತದೆ, ಇಕ್ಕಳ ಒಳಹೊಕ್ಕು ಕಲ್ಲನ್ನು ಎಳೆದು ತರುತ್ತದೆ, ನೆತ್ತರು ಹರಿಯುತ್ತದೆ. ಈಥರ್ ಅರಿವಳಿಕೆಯ ಸಾರ್ವಜನಿಕ ಪ್ರದರ್ಶನ ನಡೆದದ್ದು 1846ರಲ್ಲಿ. ಅಲ್ಲಿಯವರೆಗೆ ಈ ಯಾತನೆಯೆಲ್ಲ ಎಚ್ಚರದಲ್ಲೇ ಅನುಭವಿಸಬೇಕಾದದ್ದು.

ಆದರೂ ಜನ ಇದಕ್ಕೆ ಒಪ್ಪುತ್ತಿದ್ದರು. ಏಕೆಂದು ತಿಳಿಯಲು ಕಲ್ಲು ಕೂರುವ ಜಾಗವನ್ನು ನೋಡಬೇಕು. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬಹುಪಾಲನ್ನು ರಕ್ತಕ್ಕೇ ಮರಳಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಕೆಳಗೆ ಬಿಡುತ್ತವೆ. ಅದು ಗೇಣುದ್ದಕ್ಕೂ ತುಸು ಹೆಚ್ಚಾದ ಎರಡು ಮೂತ್ರವಾಹಿನಿಗಳಲ್ಲಿ ಇಳಿದು ಮೂತ್ರಕೋಶ ಸೇರುತ್ತದೆ. ಅಲ್ಲಿ ಲವಣಗಳು ಹರಳುಗಟ್ಟಿ ಬೆಳೆದರೆ ಹೊರಬೀಳಲು ಇರುವುದು ಒಂದೇ ಬಾಗಿಲು. ಹೆಂಗಸರಲ್ಲಿ ಮೂತ್ರಮಾರ್ಗ ಸುಮಾರು 4 ಸೆಂ.ಮೀ. ಉದ್ದ, ಬಹುಮಟ್ಟಿಗೆ ನೇರ. ಗಂಡಸರಲ್ಲಿ ಸುಮಾರು 20 ಸೆಂ.ಮೀ.; ಬಾಗುಗಳಿವೆ, ನಡುವೆ ಪ್ರಾಸ್ಟೇಟ್ ಗ್ರಂಥಿಯನ್ನೂ ಹಾದುಬರಬೇಕು. ಹಾಗಾಗಿ ಕಲ್ಲು ಸಿಕ್ಕಿಕೊಂಡು ನರಳುವವರಲ್ಲಿ ಗಂಡಸರು, ಗಂಡುಮಕ್ಕಳೇ ಹೆಚ್ಚು.

ಕಲ್ಲು ತೆಗೆಯುವ ಕಸುಬು ಬೆಳೆದದ್ದು ಅಂಗರಚನೆ ಕೊಟ್ಟ ಒಂದು ಅನುಕೂಲದಿಂದ. ಮೂತ್ರಕೋಶದ ಕತ್ತು ವೃಷಣಕ್ಕೂ ಗುದದ್ವಾರಕ್ಕೂ ನಡುವಿನ ಚರ್ಮದಿಂದ ಹೆಚ್ಚು ದೂರದಲ್ಲಿಲ್ಲ. ಅಲ್ಲಿ ಕೊಯ್ದರೆ ಕರುಳನ್ನು ಸುತ್ತುವರಿದ ಪೊರೆಗೆ ಗಾಯವಾಗದು. ಸುಶ್ರುತ ಸಂಹಿತೆ ಈ ದಾರಿಯನ್ನು ಬಿಡಿಸಿ ಹೇಳುತ್ತದೆ: ಎಡಗೈ ಬೆರಳುಗಳನ್ನು ಗುದದ್ವಾರದಲ್ಲಿಟ್ಟು ಕಲ್ಲನ್ನು ಕೆಳಕ್ಕೆ ಒತ್ತಬೇಕು, ನಡುಗೆರೆಯಿಂದ ಒಂದು ಜವೆಕಾಳಿನಷ್ಟು ಎಡಕ್ಕೆ ಸರಿದು ಕೊಯ್ಯಬೇಕು, ಚೂರೂ ಉಳಿಯದಂತೆ ತೆಗೆಯಬೇಕು, ಉಳಿದ ಚೂರು ಮತ್ತೆ ಬೆಳೆಯುತ್ತದೆ. ಮಾಡದಿದ್ದರೆ ಸಾವು ಖಚಿತ, ಮಾಡಿದರೆ ಬದುಕು ಅನುಮಾನ. ಆದ್ದರಿಂದ ಮೊದಲು ದೊರೆಯ ಅಪ್ಪಣೆ ಪಡೆಯಬೇಕು ಎನ್ನುವ ಎಚ್ಚರಿಕೆಯೂ ಅಲ್ಲಿದೆ. ಕ್ರಿ.ಶ. ಒಂದನೆಯ ಶತಮಾನದಲ್ಲಿ ರೋಮಿನ ಸೆಲ್ಸಸ್ ಬರೆದ ವಿಧಾನವೂ ಹೆಚ್ಚುಕಡಿಮೆ ಇದೇ. ಅವನು ಇದನ್ನು 9ರಿಂದ 14 ವರ್ಷದ ಹುಡುಗರಿಗೆ, ವಸಂತಕಾಲದಲ್ಲಿ ಮಾತ್ರ ಮಾಡಬೇಕೆಂದ.

ಗ್ರೀಕ್ ವೈದ್ಯರಂತೂ ಇದರ ಗೊಡವೆಯೇ ಬೇಡವೆಂದರು. ಕಲ್ಲಿಗಾಗಿ ಕತ್ತಿ ಹಿಡಿಯುವುದಿಲ್ಲ, ಆ ಕೆಲಸ ಬಲ್ಲವರಿಗೇ ಬಿಡುತ್ತೇನೆ ಎಂಬ ಮಾತು ಹಿಪ್ಪೊಕ್ರೇಟಿಸ್ ಹೆಸರಿನ ಪ್ರತಿಜ್ಞೆಯಲ್ಲೇ ಸೇರಿತು. ಯುರೋಪಿನಲ್ಲಿ ಮುಂದೆ ಆ ‘ಬಲ್ಲವರು’ ಊರೂರು ತಿರುಗುವ ಕಸುಬುದಾರರಾದರು. ಇಟಲಿಯ ಮರಿಯಾನೊ ಸಾಂತೊ 1522ರಲ್ಲಿ, ಮೂತ್ರಮಾರ್ಗದೊಳಗೆ ಉದ್ದಕ್ಕೂ ತೋಡುಳ್ಳ ಲೋಹದ ಕಡ್ಡಿ ತೂರಿಸಿ ಅದರ ಜಾಡಿನಲ್ಲೇ ಕೊಯ್ಯುವ ವಿಧಾನವನ್ನು ಪುಸ್ತಕವಾಗಿ ಪ್ರಕಟಿಸಿದ. ಫ್ರಾನ್ಸಿನಲ್ಲಿ ಕೊಲೋ ಮನೆತನದವರು ಆ ವಿದ್ಯೆಯನ್ನು ತಲೆಮಾರುಗಳ ಕಾಲ ಮನೆಯ ಗುಟ್ಟಾಗಿ ಕಾಪಾಡಿಕೊಂಡು ಅರಮನೆಯ ಸೇವೆಯಲ್ಲಿದ್ದರು.

ಗುಟ್ಟಿಗೆ ಬೆಲೆಯಿತ್ತು, ಏಕೆಂದರೆ ಗಿರಾಕಿಗಳಿಗೆ ಬೇರೆ ಗತಿಯಿರಲಿಲ್ಲ. ಲಂಡನ್ನಿನ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ 1658ರ ಮಾರ್ಚ್ 26ರಂದು, 25ನೆಯ ವಯಸ್ಸಿನಲ್ಲಿ, ಥಾಮಸ್ ಹಾಲಿಯರ್ ಎಂಬ ಶಸ್ತ್ರವೈದ್ಯನಿಗೆ ಮೈಯೊಪ್ಪಿಸಿ ಬದುಕಿ ಎದ್ದ. ಮುಂದೆ ವರ್ಷವರ್ಷ ಆ ದಿನ ಔತಣವಿಡುವ ಸಂಕಲ್ಪ ಮಾಡಿದ, ಕಲ್ಲಿಗೆಂದೇ ಒಂದು ಪೆಟ್ಟಿಗೆ ಮಾಡಿಸಿದ. 1669ರಲ್ಲಿ ಗೆಳೆಯ ಜಾನ್ ಎವೆಲಿನ್‌ನ ತಮ್ಮನಿಗೆ ಅದೇ ಕಾಯಿಲೆಯಾದಾಗ ಕಲ್ಲನ್ನು ತಂದು ತೋರಿಸಿ ಧೈರ್ಯ ತುಂಬಿದ. ಅದು ಟೆನಿಸ್ ಚೆಂಡಿನಷ್ಟಿತ್ತು ಎಂದು ಎವೆಲಿನ್ ಬರೆದಿಟ್ಟಿದ್ದಾನೆ. ತಮ್ಮ ಮರುವರ್ಷ ತೀರಿಕೊಂಡ.

ಆಮ್‌ಸ್ಟರ್‌ಡ್ಯಾಮಿನ ಕಮ್ಮಾರ ಯಾನ್ ಡೆ ಡೋಟ್ ಕಸುಬುದಾರರನ್ನೇ ನಂಬಲಿಲ್ಲ. 1651ರಲ್ಲಿ ತನ್ನ ಕಲ್ಲನ್ನು ತಾನೇ ಕೊಯ್ದು ತೆಗೆದ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಮೊಟ್ಟೆಯಾಕಾರದ ಕಲ್ಲು ಹಿಡಿದ ಅವನ ವರ್ಣಚಿತ್ರ ಇಂದಿಗೂ ಉಳಿದಿದೆ.

ಈ ಕಸುಬಿನ ಮಿತಿ ಬಯಲಾದದ್ದು ಪ್ಯಾರಿಸಿನಲ್ಲಿ. ಸನ್ಯಾಸಿಯ ವೇಷದಲ್ಲಿ ಅಲೆಯುತ್ತಿದ್ದ ಫ್ರೇರ್ ಜಾಕ್ 1697ರಲ್ಲಿ ಅಲ್ಲಿಗೆ ಬಂದ. ನಡುಗೆರೆ ಬಿಟ್ಟು ಪಕ್ಕದಿಂದ ಓರೆಯಾಗಿ ಕೊಯ್ಯುವ ಅವನ ಚುರುಕುತನ ನೋಡಲು ಜನ ಮುಗಿಬಿದ್ದರು. ಆದರೆ 60 ರೋಗಿಗಳಲ್ಲಿ 25 ಮಂದಿ ಸತ್ತರು. ಶವ ಬಗೆದು ನೋಡಿದಾಗ ಮೂತ್ರಕೋಶ, ಗುದನಾಳ ಎರಡೂ ಹರಿದಿದ್ದವು. ಅವನ ಕೈ ನುರಿತಿತ್ತು. ಕೈ ಹೋಗುವ ಜಾಗದ ಅರಿವಿರಲಿಲ್ಲ. ಆ ಅರಿವಿದ್ದವನು ಲಂಡನ್ನಿನ ಅಂಗರಚನಾ ಶಿಕ್ಷಕ ವಿಲಿಯಂ ಚೆಸೆಲ್ಡನ್. ಮೂತ್ರಕೋಶ ತುಂಬಿ ಉಬ್ಬಿದಾಗ ಹೊಟ್ಟೆಯ ಪೊರೆ ಮೇಲಕ್ಕೆ ಸರಿಯುವುದನ್ನು ಬಳಸಿಕೊಂಡು ಅವನು ಮೊದಲು ಕಿಬ್ಬೊಟ್ಟೆಯ ಕಡೆಯಿಂದ ಪ್ರಯತ್ನಿಸಿದ. ಬಳಿಕ ಅದನ್ನು ಬಿಟ್ಟು, ಪಕ್ಕದ ಕೊಯ್ತವನ್ನೇ ಶವಗಳ ಮೇಲೆ ತಿದ್ದಿ ಪಳಗಿಸಿದ. 213 ರೋಗಿಗಳಲ್ಲಿ ಸತ್ತವರು 20. ಕೆಲವೊಮ್ಮೆ ಕೆಲಸ ಒಂದು ನಿಮಿಷದೊಳಗೇ ಮುಗಿಯುತ್ತಿತ್ತು.

ಕೊಯ್ಯದೆ, ಇರುವ ದಾರಿಯಲ್ಲೇ ಹೋದರೆ? ಲಖನೌದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಫ್ರೆಂಚ್ ಅಧಿಕಾರಿ ಕ್ಲಾಡ್ ಮಾರ್ಟಿನ್, 1782ರಲ್ಲಿ ತಂತಿಯಂಥ ಅರವನ್ನು ತನ್ನ ಮೂತ್ರಮಾರ್ಗದಲ್ಲಿ ತೂರಿಸಿ, ತಿಂಗಳುಗಟ್ಟಲೆ ಕಲ್ಲನ್ನು ಉಜ್ಜಿ ಸವೆಸಿದ. ಪ್ಯಾರಿಸಿನ ಶಸ್ತ್ರವೈದ್ಯ ಜಾನ್ ಸಿವಿಯಾಲ್ 1824ರ ಜನವರಿಯಲ್ಲಿ ಮೂರು ಬೆರಳಿನ ಇಕ್ಕಳವನ್ನು ಅದೇ ದಾರಿಯಲ್ಲಿ ಇಳಿಸಿ, ಕಲ್ಲು ಹಿಡಿದು, ಒಳಗೇ ಕೊರೆದು ಪುಡಿಮಾಡಿದ. ಹುಡುಗರ ಮೂತ್ರಮಾರ್ಗ ತೀರ ಕಿರಿದು, ಅವರಿಗೆ ಕತ್ತಿಯೇ ಗತಿ ಎಂಬ ನಂಬಿಕೆಯನ್ನು 1880ರ ದಶಕದಲ್ಲಿ ಇಂದೋರಿನ ಶಸ್ತ್ರವೈದ್ಯ ಕೀಗನ್ ಮುರಿದ.

ಅಷ್ಟರಲ್ಲಿ ಯುರೋಪಿನಲ್ಲಿ ಮೂತ್ರಕೋಶದ ಕಲ್ಲಿನಿಂದ ನರಳುವ ಮಕ್ಕಳೇ ಕಡಿಮೆಯಾಗತೊಡಗಿದ್ದರು. ಕಾರಣ ಊಟದಲ್ಲಿತ್ತು. ಮುಂದೆ ನೀಲಗಿರಿಯ ಕೂನೂರಿನಲ್ಲಿ ಆಹಾರ ಸಂಶೋಧಕ ರಾಬರ್ಟ್ ಮೆಕ್ಯಾರಿಸನ್ ಇಲಿಗಳಿಗೆ ಎ ವಿಟಮಿನ್ ಕೊರತೆಯ ಧಾನ್ಯಾಹಾರ ಕೊಟ್ಟು ನೋಡಿದಾಗ ಅವುಗಳ ಮೂತ್ರಕೋಶದಲ್ಲಿ ಕಲ್ಲು ಕಟ್ಟಿತು. ಹಾಲು ಸೇರಿಸಿದಾಗ ತಪ್ಪಿತು. ಬಡಮಕ್ಕಳ ತಟ್ಟೆಯಲ್ಲಿ ಬರೀ ಧಾನ್ಯವಿದ್ದ ಕಡೆ ಈ ಕಾಯಿಲೆ ಉಳಿಯಿತು, ಹಾಲು ಮಾಂಸ ಬಂದ ಕಡೆ ಹಿಂದೆ ಸರಿಯಿತು. ಅನುಕೂಲಸ್ಥ ದೇಶಗಳಲ್ಲಿ ಕಲ್ಲು ದೊಡ್ಡವರ ಮೂತ್ರಪಿಂಡಕ್ಕೆ ಏರಿ ಕುಳಿತಿತು. ಅದನ್ನು ಮುಟ್ಟದೆಯೇ ಒಡೆಯುವ ಯಂತ್ರವನ್ನು ಮ್ಯೂನಿಕ್‌ನಲ್ಲಿ ರೋಗಿಯ ಮೇಲೆ ಮೊದಲು ಬಳಸಿದ್ದು 1980ರ ಫೆಬ್ರವರಿಯಲ್ಲಿ. ವಿಮಾನ ತಯಾರಿಸುತ್ತಿದ್ದ ಡಾರ್ನಿಯರ್ ಕಂಪನಿ ಅದನ್ನು ರೂಪಿಸಿತ್ತು. ರೋಗಿಯನ್ನು ನೀರಿನ ತೊಟ್ಟಿಯಲ್ಲಿಳಿಸಿ ಹೊರಗಿನಿಂದ ಆಘಾತ ತರಂಗಗಳನ್ನು ಹಾಯಿಸುತ್ತಿದ್ದರು. ಪುಡಿಯಾದ ಕಲ್ಲು ಮೂತ್ರವಾಹಿನಿಯಲ್ಲಿ ಇಳಿದು, ಮೂತ್ರದೊಂದಿಗೆ ತಾನಾಗಿ ಹೊರಬೀಳುತ್ತಿತ್ತು.