ದಮ್ಮಿಗೂ ಕಪ್ಪಾದ ಕಾಲ್ಬೆರಳಿಗೂ ಒಂದೇ ಬೇರು

ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಅರವತ್ತು ದಾಟಿದ ಗಂಡಸು ಹೊಲದ ಬದುವಿನಲ್ಲಿ ನಾಲ್ಕು ಹೆಜ್ಜೆ ಹಾಕಿ ಏದುಸಿರು ಬಿಟ್ಟರೆ ‘ವಯಸ್ಸಾಯ್ತಲ್ಲ, ದಮ್ಮು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಕಾಲ್ಬೆರಳು ಕಪ್ಪಾದರೆ ಶುಗರ್ ಮೇಲೆ ಅನುಮಾನ. ಎದೆ ಹಿಡಿದುಕೊಂಡರೆ ಗ್ಯಾಸ್ಟ್ರಿಕ್ಕು. ಈ ಮೂರಕ್ಕೂ ಮೂವತ್ತು ವರ್ಷ ಸೇದಿದ ಬೀಡಿಯೇ ಕಾರಣ ಇರಬಹುದು ಎಂಬ ಮಾತು ಬರುವುದು ಎಲ್ಲ ಮುಗಿದ ಮೇಲೆ. ಹಾಗೆಂದು ಹಳ್ಳಿಯವರನ್ನು ದೂರುವಂತಿಲ್ಲ. ಶ್ವಾಸಕೋಶದ ಕಾಯಿಲೆಯನ್ನೂ ರಕ್ತನಾಳದ ಕಾಯಿಲೆಯನ್ನೂ ಒಂದೇ ಹೊಗೆಗೆ ಗಂಟು ಹಾಕಿ ನೋಡಲು ವೈದ್ಯಶಾಸ್ತ್ರಕ್ಕೇ ಬಹಳ ಕಾಲ ಹಿಡಿಯಿತು.

ಹೊಗೆಸೊಪ್ಪಿನ ಬಗ್ಗೆ ಈ ದೇಶದಲ್ಲಿ ಎದ್ದ ಮೊದಮೊದಲ ತಕರಾರಿಗೂ ಕನ್ನಡ ನೆಲಕ್ಕೂ ನಂಟಿದೆ. 1604ರ ಸುಮಾರಿಗೆ ಬಿಜಾಪುರಕ್ಕೆ ಬಂದಿದ್ದ ಅಕ್ಬರನ ದೂತ ಅಸದ್ ಬೇಗ್ ಅಲ್ಲಿ ತಂಬಾಕನ್ನು ಕಂಡು ಬೆರಗಾಗಿ, ಸಿಂಗರಿಸಿದ ಚಿಲುಮೆಯೊಂದಿಗೆ ಬಾದಶಹನ ಮುಂದೆ ತಂದಿಟ್ಟ. ಗುಣ ಗೊತ್ತಿಲ್ಲದ ವಸ್ತುವನ್ನು ಸೇವಿಸಬಾರದೆಂದು ಆಸ್ಥಾನದ ಹಕೀಮರು ತಡೆದರು. 1617ರಲ್ಲಿ ಜಹಾಂಗೀರ್ ಅದನ್ನು ನಿಷೇಧಿಸಿಯೂ ನೋಡಿದ. ಹಕೀಮರ ಅನುಮಾನ ಸರಿಯಾಗಿತ್ತು, ಆದರೆ ಅದನ್ನು ಸಾಬೀತು ಮಾಡುವ ಅಳತೆಗೋಲು ಆಗ ಯಾರ ಕೈಯಲ್ಲೂ ಇರಲಿಲ್ಲ.

ಅಳತೆಗೋಲು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1816ರಲ್ಲಿ ಸ್ಟೆತಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ರೆನೆ ಲೆನೆಕ್, ಬದುಕಿದ್ದಾಗ ಎದೆಗೆ ಕಿವಿಗೊಟ್ಟು ಕೇಳಿದ್ದನ್ನು ಸತ್ತ ಮೇಲೆ ಸೀಳಿ ನೋಡಿದ ಶ್ವಾಸಕೋಶದೊಂದಿಗೆ ತಾಳೆ ಹಾಕಿದ. ಗಾಳಿಗೂಡುಗಳು ಹಿಗ್ಗಿ ಹರಿದು, ಒಳಹೋದ ಗಾಳಿ ಹೊರಬರಲಾರದೆ ಸಿಕ್ಕಿಕೊಳ್ಳುವ ಎಂಫಿಸೀಮಾ ಕಾಯಿಲೆಯನ್ನು 1819ರಲ್ಲಿ ವಿವರಿಸಿದ. 1846ರಲ್ಲಿ ಲಂಡನ್ನಿನ ಜಾನ್ ಹಚಿನ್ಸನ್ ಉಸಿರಿನ ಪ್ರಮಾಣ ಅಳೆಯುವ ಸ್ಪೈರೊಮೀಟರ್ ಕಟ್ಟಿ, ಸಾವಿರಾರು ಜನರಿಂದ ಊದಿಸಿ ಲೆಕ್ಕ ಬರೆದ. ಇಂದಿನ ಯಂತ್ರ ಅಂಗೈಯಗಲ, ಪರೀಕ್ಷೆಯ ಕ್ರಮ ಮಾತ್ರ ಹೆಚ್ಚು ಬದಲಾಗಿಲ್ಲ. ಮೂಗಿಗೆ ಕ್ಲಿಪ್ಪು, ಬಾಯಿಗೆ ಕೊಳವೆ, ಎದೆ ತುಂಬ ಉಸಿರೆಳೆದು ಒಂದೇ ಸಮನೆ ಜೋರಾಗಿ ಊದಬೇಕು. ಪಕ್ಕದಲ್ಲಿ ನಿಂತವರು ‘ಊದಿ, ಊದಿ, ಇನ್ನೂ ಊದಿ’ ಎಂದು ಹುರಿದುಂಬಿಸುತ್ತಾರೆ. ಆರೋಗ್ಯವಂತರು ಊದಬಲ್ಲ ಗಾಳಿಯ ಮುಕ್ಕಾಲು ಭಾಗವನ್ನು ಮೊದಲ ಸೆಕೆಂಡಿನಲ್ಲೇ ಹೊರಹಾಕಿಬಿಡುತ್ತಾರೆ. ಬೀಡಿ ಸೇದಿ ಶ್ವಾಸನಾಳ ಕಿರಿದಾದವರು ಊದಿದರೆ ಯಂತ್ರ ಬರೆಯುವ ಗೆರೆ ಅಡ್ಡಕ್ಕೆ ಜೋತುಬೀಳುತ್ತದೆ. ಮುಖ ಕೆಂಪಗಾಗಿ, ಹತ್ತು ಸೆಕೆಂಡು ಊದಿದರೂ ಗಾಳಿ ಒಳಗೇ ಉಳಿದಿರುತ್ತದೆ.

ಯಂತ್ರವಿದ್ದರೂ ಹೊಗೆಯ ಕಡೆಗೆ ಬೆರಳು ತೋರಿಸುವವರು ಬಹುಕಾಲ ಇರಲಿಲ್ಲ. ಆಗಿನ ದೊಡ್ಡ ಶತ್ರು ಕ್ಷಯ. ಮೈಸೂರು ಸೀಮೆಯಲ್ಲೂ ಎದೆಯ ಕಾಯಿಲೆ ಎಂದರೆ ಕ್ಷಯವೇ. ಅರಮನೆಯನ್ನೂ ಬಿಡದ ಆ ರೋಗಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಮೈಸೂರಿನಲ್ಲಿ ಕಟ್ಟಿದ ಸ್ಯಾನಟೋರಿಯಂ ಇಂದಿಗೂ ಪಿ.ಕೆ.ಟಿ.ಬಿ. ಆಸ್ಪತ್ರೆಯಾಗಿ ನಡೆಯುತ್ತಿದೆ. ಹೊಗೆಗೂ ಕ್ಷಯಕ್ಕೂ ಇರುವ ನಂಟು ನಮ್ಮಲ್ಲಿ ಸ್ಪಷ್ಟವಾದದ್ದು ತೀರ ಈಚೆಗೆ. 2003ರಲ್ಲಿ ವಿ. ಗಜಲಕ್ಷ್ಮಿ, ರಿಚರ್ಡ್ ಪೀಟೊ ಮತ್ತು ಸಂಗಡಿಗರು ತಮಿಳುನಾಡಿನ ಸಾವುಗಳ ಲೆಕ್ಕ ಹಿಡಿದು ನೋಡಿದಾಗ, ಸೇದುವ ಗಂಡಸರು ಕ್ಷಯದಿಂದ ಸಾಯುವ ಸಂಭವ ಸೇದದವರಿಗಿಂತ ಸುಮಾರು ನಾಲ್ಕು ಪಟ್ಟು ಎಂದು ತಿಳಿಯಿತು.

ದೊಡ್ಡ ತಿರುವು 1950ರದ್ದು. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್, ಅಮೆರಿಕದಲ್ಲಿ ವಿಂಡರ್ ಮತ್ತು ಗ್ರಹಾಂ, ಶ್ವಾಸಕೋಶದ ಕ್ಯಾನ್ಸರ್ ಬಂದವರನ್ನೂ ಬಾರದವರನ್ನೂ ‘ನೀವು ಎಷ್ಟು ಸೇದುತ್ತೀರಿ’ ಎಂದು ಕೇಳಿದರು. ಎರಡೂ ದೇಶಗಳಲ್ಲಿ ಸಿಕ್ಕ ಉತ್ತರ ಒಂದೇ ಆಗಿತ್ತು: ಕ್ಯಾನ್ಸರ್ ಬಂದವರಲ್ಲಿ ಸೇದುವವರೇ ಹೆಚ್ಚು. ಮರುವರ್ಷ ಡಾಲ್ ಮತ್ತು ಹಿಲ್ ಬ್ರಿಟನ್ನಿನ 34 ಸಾವಿರಕ್ಕೂ ಹೆಚ್ಚು ಗಂಡು ವೈದ್ಯರಿಗೆ ಪತ್ರ ಬರೆದು, ಅವರ ಬದುಕನ್ನೇ ಹಿಂಬಾಲಿಸತೊಡಗಿದರು. ಆ ಅಧ್ಯಯನ ಐವತ್ತು ವರ್ಷ ನಡೆಯಿತು. 1964ರ ಅಮೆರಿಕದ ಸರ್ಜನ್ ಜನರಲ್ ವರದಿಯ ಹೊತ್ತಿಗೆ ಕ್ಯಾನ್ಸರ್ ವಿಷಯದಲ್ಲಿ ವಾದಕ್ಕೆ ಏನೂ ಉಳಿದಿರಲಿಲ್ಲ. ಆದರೆ ಕ್ಯಾನ್ಸರಿನ ಹೆದರಿಕೆಯೇ ದೊಡ್ಡದಾಗಿ, ದಿನದಿನಕ್ಕೆ ಉಸಿರು ಕಡಿಮೆಯಾಗುವ ಸಂಕಟವೂ ರಕ್ತನಾಳದ ಸಂಗತಿಯೂ ಮರೆಗೆ ಸರಿದವು. ನಮ್ಮ ಜನರ ಮಾತಿನಲ್ಲಿ ಇಂದಿಗೂ ಸಿಗರೇಟೆಂದರೆ ಕ್ಯಾನ್ಸರ್, ಅಷ್ಟೇ.

ಉಸಿರಿನ ಕಥೆಯನ್ನು ಬಿಡಿಸಿದವರು ಚಾರ್ಲ್ಸ್ ಫ್ಲೆಚರ್ ಮತ್ತು ಪೀಟೊ. ಲಂಡನ್ನಿನ ಕೆಲಸಗಾರರನ್ನು ವರ್ಷಗಟ್ಟಲೆ ಊದಿಸಿ ಅಳೆದು 1977ರಲ್ಲಿ ಅವರು ಹೇಳಿದ್ದು ಇದು: ವಯಸ್ಸಾಗುತ್ತ ಎಲ್ಲರ ಉಸಿರೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ, ಹೊಗೆ ತಾಳದ ಮೈಯವರು ಸೇದಿದರೆ ಆ ಇಳಿತ ಕಡಿದಾಗುತ್ತದೆ. ಬಿಟ್ಟರೆ ಹೋದದ್ದು ವಾಪಸು ಬರುವುದಿಲ್ಲ, ಇಳಿತ ಮಾತ್ರ ಮತ್ತೆ ಸೇದದವರ ಮಟ್ಟಕ್ಕೆ ನಿಧಾನವಾಗುತ್ತದೆ. ಹೊಗೆ ಬಿದ್ದ ಜಾಗಕ್ಕೆ ನುಗ್ಗುವ ಬಿಳಿ ರಕ್ತಕಣಗಳು ಸುರಿಸುವ ಕಿಣ್ವಗಳು ಗಾಳಿಗೂಡಿನ ಎಳೆಗಳನ್ನೇ ಕರಗಿಸುತ್ತವೆ. ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳು ನಿಸ್ತೇಜವಾಗುತ್ತವೆ. ಬೆಳಗಿನ ಜಾವದ ಆ ಗೊರಗೊರ ಕೆಮ್ಮು ಹುಟ್ಟುವುದು ಹೀಗೆ.

ರಕ್ತದ ಕಡೆಯ ಸುಳಿವು ಕಾಲಿನಿಂದ ಸಿಕ್ಕಿತು. 1908ರಲ್ಲಿ ನ್ಯೂಯಾರ್ಕಿನ ಲಿಯೊ ಬರ್ಗರ್ ವಿವರಿಸಿದ ಕಾಯಿಲೆಯಲ್ಲಿ ಕೈಕಾಲಿನ ಸಣ್ಣ ರಕ್ತನಾಳಗಳು ಊದಿಕೊಂಡು, ರಕ್ತ ಹೆಪ್ಪುಗಟ್ಟಿ, ಬೆರಳು ಕೊಳೆಯುತ್ತವೆ. ಇದಕ್ಕೆ ತುತ್ತಾಗುವವರು ಹೆಚ್ಚಾಗಿ ಹರೆಯದ, ತಂಬಾಕು ಬಿಡದ ಗಂಡಸರು. ನಮ್ಮ ದೇಶದಲ್ಲಿ ಇದು ಬೀಡಿ ಸೇದುವ ಬಡವರ ಕಾಯಿಲೆ. ದುಡಿಯುವ ವಯಸ್ಸಿನಲ್ಲಿ ಕಾಲು ಕಳೆದುಕೊಂಡರೆ ಗದ್ದೆಗೆ ಇಳಿಯುವವರು ಯಾರು? ತಂಬಾಕನ್ನು ಪೂರ್ತಿ ಬಿಡದೆ ಯಾವ ಔಷಧಿಯೂ ಇದನ್ನು ನಿಲ್ಲಿಸದು.

ಹೃದಯದ ಲೆಕ್ಕ 1948ರಲ್ಲಿ ಆರಂಭವಾದ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಿಂದ ಸ್ಪಷ್ಟವಾಯಿತು. ಕಾರಣದ ಒಂದು ಭಾಗ ಮೊದಲೇ ಗೊತ್ತಿತ್ತು: ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಲ್ಲಿ ಹಿಮೋಗ್ಲೋಬಿನ್ನನ್ನು ಹಿಡಿದುಕೊಳ್ಳುತ್ತದೆ. ನಿಕೋಟಿನ್ ಹೃದಯದ ಬಡಿತ ಏರಿಸಿ ರಕ್ತನಾಳವನ್ನು ಬಿಗಿಸುತ್ತದೆ. ಹೃದಯಕ್ಕೆ ಕೆಲಸ ಹೆಚ್ಚು, ಸಿಗುವ ಆಮ್ಲಜನಕ ಕಡಿಮೆ. ಇನ್ನೊಂದು ಭಾಗ 1980ರಲ್ಲಿ ಸಿಕ್ಕಿತು. ರಕ್ತನಾಳದ ಒಳಮೈಗೆ ಹಾಸಿದ ಒಂದೇ ಪದರದ ಜೀವಕೋಶಗಳೇ ನಾಳವನ್ನು ಸಡಿಲಿಸುವ ಸಂದೇಶ ಕಳಿಸುತ್ತವೆ ಎಂದು ರಾಬರ್ಟ್ ಫರ್ಚ್‌ಗಾಟ್ ತೋರಿಸಿದರು. ಆ ಸಂದೇಶ ನೈಟ್ರಿಕ್ ಆಕ್ಸೈಡ್ ಎಂದು ಮುಂದೆ ಗೊತ್ತಾಗಿ, 1998ರಲ್ಲಿ ಮೂವರಿಗೆ ನೊಬೆಲ್ ಬಂತು. 1990ರ ದಶಕದ ಆರಂಭದಲ್ಲಿ ಡೇವಿಡ್ ಸೆಲರ್ಮೇಜರ್ ಮತ್ತು ಸಂಗಡಿಗರು ಇದನ್ನು ಬದುಕಿರುವವರ ತೋಳಿನಲ್ಲೇ ನೋಡಿದರು. ಬಿಪಿ ಪಟ್ಟಿಯನ್ನು ಕೆಲವು ನಿಮಿಷ ಬಿಗಿದು ಬಿಟ್ಟಾಗ ರಕ್ತ ನುಗ್ಗುತ್ತದೆ. ಆಗ ಆರೋಗ್ಯವಂತ ನಾಳ ಹಿಗ್ಗಿ ದಾರಿ ಕೊಡುವುದು ಅಲ್ಟ್ರಾಸೌಂಡಿನಲ್ಲಿ ಕಾಣುತ್ತದೆ. ಸೇದುವವರ ನಾಳ ಅಷ್ಟು ಹಿಗ್ಗಲಿಲ್ಲ. ಯಾವ ತೊಂದರೆಯೂ ಕಾಣದ ಹರೆಯದವರಲ್ಲೂ ಹೀಗೇ. 1996ರಲ್ಲಿ ಬೇರೆಯವರ ಹೊಗೆ ಕುಡಿದ ಯುವಜನರಲ್ಲೂ ಅದೇ ಕಂಡಿತು. ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಲಕುವ ಸಂಗತಿ ಇದೇ: ಅಪ್ಪನ ಪಕ್ಕ ಜಗಲಿಯಲ್ಲಿ ಕೂತ ಮಗುವಿನ ರಕ್ತನಾಳವೂ ಆ ಲೆಕ್ಕದೊಳಗಿದೆ.

ಇದೆಲ್ಲ ಬಿಳಿಯರ ಲೆಕ್ಕ, ನಮ್ಮವರಿಗೆ ಬೀಡಿ ಅಷ್ಟೇನೂ ಮಾಡದು ಎನ್ನುವವರಿಗೆ ಉತ್ತರ ಬೆಂಗಳೂರಿನಿಂದಲೇ ಬಂತು. 1996ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೇಮ್ ಪೈಸ್ ಮತ್ತು ಸಂಗಡಿಗರು ಹೃದಯಾಘಾತವಾದ 200 ಜನರನ್ನು ಆಗದ 200 ಜನರೊಂದಿಗೆ ಹೋಲಿಸಿ ಪ್ರಕಟಿಸಿದರು. ಎಲ್ಲಕ್ಕಿಂತ ಬಲವಾದ ಕಾರಣವಾಗಿ ಕಂಡದ್ದು ಸಿಗರೇಟು ಅಥವಾ ಬೀಡಿ. ಅಪಾಯ 3.6 ಪಟ್ಟು, ದಿನಕ್ಕೆ ಹತ್ತು ಅಥವಾ ಹೆಚ್ಚು ಸೇದುವವರಿಗೆ 6.7 ಪಟ್ಟು. ಬೆಂಗಳೂರೂ ಪಾಲ್ಗೊಂಡಿದ್ದ 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ 2006ರಲ್ಲಿ ಬೀಡಿಯ ಅಪಾಯವೂ ಸಿಗರೇಟಿನ ಹತ್ತಿರ ಹತ್ತಿರವೇ ಎಂದಿತು. ಬೀಡಿ ಎಲೆ ಸರಿಯಾಗಿ ಉರಿಯದು, ಆರದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು. ಹೀಗಾಗಿ ಚಿಕ್ಕ ಬೀಡಿಯೂ ಒಳಗೆ ಕಳಿಸುವ ವಿಷ ಚಿಕ್ಕದಲ್ಲ. ಪ್ರಭಾತ್ ಝಾ ನೇತೃತ್ವದ 2008ರ ಅಖಿಲ ಭಾರತ ಅಧ್ಯಯನದ ಪ್ರಕಾರ ಬೀಡಿ ಸೇದುವ ಗಂಡಸು ಸರಾಸರಿ ಆರು ವರ್ಷ, ಸಿಗರೇಟು ಸೇದುವವನು ಹತ್ತು ವರ್ಷ ಆಯುಸ್ಸು ಕಳೆದುಕೊಳ್ಳುತ್ತಾನೆ.

ಶ್ವಾಸಕೋಶದ ವಿಷಯದಲ್ಲಿ ನಮಗೆ ಹತ್ತಿರದ ಕೆಲಸ ಮೈಸೂರಿನದು. ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಪಿ.ಎ. ಮಹೇಶ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಾಯೋಗಿಕ ಅಧ್ಯಯನದಲ್ಲಿ ಮೈಸೂರು ಜಿಲ್ಲೆಯ ಹಳ್ಳಿಗರಲ್ಲಿ ಶ್ವಾಸನಾಳ ಕಟ್ಟುವ ಸಿ.ಒ.ಪಿ.ಡಿ. ಸುಮಾರು 7%: ಗಂಡಸರಲ್ಲಿ 11%, ಹೆಂಗಸರಲ್ಲಿ 4.5%. ಬೀಡಿ ಮುಟ್ಟದ ಹೆಂಗಸರಿಗೆ ಯಾಕೆ? ಉತ್ತರ ಸೌದೆ ಒಲೆ. ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಿದರೆ ಬರುವ ಸಂಖ್ಯೆ 60 ಮುಟ್ಟಿದಲ್ಲಿಂದ ದೀರ್ಘಕಾಲದ ಕೆಮ್ಮು ಕಫದ ಅಪಾಯ ಏರುತ್ತದೆಂದು ಅದೇ ತಂಡ 2013ರಲ್ಲಿ ಗುರುತಿಸಿತು. ದಿನಕ್ಕೆ ಮೂರು ಗಂಟೆ, ಇಪ್ಪತ್ತು ವರ್ಷ. ಹದಿನೆಂಟಕ್ಕೆ ಮದುವೆಯಾಗಿ ಬಂದ ಸೊಸೆ ನಲವತ್ತು ತುಂಬುವ ಮೊದಲೇ ಆ ಗಡಿ ದಾಟಿರುತ್ತಾಳೆ. ಪಾಂಡವಪುರದ ಸುತ್ತ ಇನ್ನೊಂದು ಹೊಗೆಯೂ ಇದೆ, ಆಲೆಮನೆಯದು. ಗಂಟೆಗಟ್ಟಲೆ ಕೊಪ್ಪರಿಗೆಯಡಿ ಕಬ್ಬಿನ ಸಿಪ್ಪೆ ತುರುಕುವವನು ಅದೇ ಒಲೆಯ ಕೊಳ್ಳಿಯಿಂದ ಬೀಡಿ ಹಚ್ಚಿಕೊಳ್ಳುತ್ತಾನೆ. ಅವನ ಎದೆಗೆ ಎರಡು ಹೊಗೆಯೂ ಸೇರಿ ಬೀಳುತ್ತವೆ. ಬಿಪಿ, ಶುಗರ್ ನೋಡುವಷ್ಟೇ ಸಲೀಸಾಗಿ ಊದುವ ಪರೀಕ್ಷೆಯೂ ಆಲೆಮನೆಯವರಿಗೆ, ಕಬ್ಬು ಕಡಿಯುವವರಿಗೆ, ಒಲೆಯ ಮುಂದಿನ ಹೆಂಗಸರಿಗೆ ಊರಲ್ಲೇ ಸಿಗಬೇಕು. ಯಂತ್ರ ದುಬಾರಿಯೂ ಅಲ್ಲ, ಕಲಿಯುವುದು ಕಷ್ಟವೂ ಅಲ್ಲ.

ಕಾನೂನಿನ ಕಡೆ 2003ರ ತಂಬಾಕು ನಿಯಂತ್ರಣ ಕಾಯ್ದೆ (ಕೋಟ್ಪಾ), 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧ, 2017ರಲ್ಲಿ ಕರ್ನಾಟಕದಲ್ಲಿ ಬಿಡಿ ಸಿಗರೇಟು ಮಾರಾಟಕ್ಕೆ ತಡೆ ಬಂದವು. ರಾಜ್ಯದಲ್ಲಿ ತಂಬಾಕು ಬಳಸುವ ವಯಸ್ಕರು 2009–10ರ 28.2%ರಿಂದ 2016–17ರಲ್ಲಿ 22.8%ಕ್ಕೆ ಇಳಿದಿದ್ದಾರೆ. ಪೆಟ್ಟಿಗೆ ಅಂಗಡಿಯಲ್ಲಿ ಒಂದೊಂದೇ ಸಿಗರೇಟು ಸಿಗುವುದು ಮಾತ್ರ ನಿಂತಿಲ್ಲ.

ಆ ಒಂದರ ಬಗ್ಗೆಯೂ ಈಗ ಲೆಕ್ಕವಿದೆ. ದಿನಕ್ಕೆ ಒಂದೇ ಸಿಗರೇಟು ಸೇದಿದರೂ, ಇಪ್ಪತ್ತು ಸೇದುವವರಿಗೆ ಹೃದಯದ ಕಾಯಿಲೆಯ ಯಾವ ಹೆಚ್ಚುವರಿ ಅಪಾಯವಿದೆಯೋ ಅದರ ಅರ್ಧದಷ್ಟು ಅಂಟಿಕೊಳ್ಳುತ್ತದೆಂದು 2018ರಲ್ಲಿ ಹ್ಯಾಕ್‌ಶಾ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದರು. ಹಾಗಾಗಿ ‘ಕಮ್ಮಿ ಮಾಡಿದ್ದೀನಿ’ ಎನ್ನುವುದು ಎದೆಗೆ ಸಾಲದು, ಪೂರ್ತಿ ಬಿಡಬೇಕು. ಬಿಟ್ಟ ಒಂದೆರಡು ದಿನದಲ್ಲೇ ರಕ್ತದಿಂದ ಕಾರ್ಬನ್ ಮೊನಾಕ್ಸೈಡ್ ತೊಲಗುತ್ತದೆ. ಡಾಲ್ ಅವರ ವೈದ್ಯರಲ್ಲಿ ಅರವತ್ತಕ್ಕೆ ಬಿಟ್ಟವರಿಗೆ ಮೂರು ವರ್ಷ, ಐವತ್ತಕ್ಕೆ ಬಿಟ್ಟವರಿಗೆ ಆರು, ನಲವತ್ತಕ್ಕೆ ಬಿಟ್ಟವರಿಗೆ ಒಂಬತ್ತು ವರ್ಷ ಆಯುಸ್ಸು ಉಳಿಯಿತು. ಬಿಡಲು ನೆರವು ಬೇಕಾದವರಿಗೆ ರಾಷ್ಟ್ರೀಯ ಸಹಾಯವಾಣಿ 1800-11-2356 ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಮಾತಾಡುತ್ತಾರೆ.